ಗೌಂಡಿಗೆ ಗೊತ್ತಿರದ ಯಾವುದನ್ನು ಸಿವಿಲ್ ಎಂಜಿನಿಯರಿಂಗ್‌ನಲ್ಲಿ ಕಲಿಸುತ್ತಾರೆ?

ಗದಗಿನ ಅಂಗಡಿಕಾರ:
ನನ್ನ ಮಗಳಿಗೆ ಸಿಇಟಿಯಲ್ಲಿ ಸಿವಿಲ್ ಸೀಟು ಸಿಕ್ಕಿದೆ. ಸಿಮೆಂಟು, ಕಬ್ಬಿಣದ ಅಂಗಡಿ ನಡೆಸುವ ನನಗೆ ಮನೆ ಕಟ್ಟುವವರೊಡನೆ ದಿನವೂ ಒಡನಾಟವಿದ್ದು, ನಮ್ಮ ಕಡೆ ಪಾಯದಿಂದ ಸ್ಲ್ಯಾಬಿನವರೆಗೆ ಎಲ್ಲವನ್ನೂ ಅನುಭವಿ ಗೌಂಡಿಗಳೇ ನಿಭಾಯಿಸುವುದನ್ನು ಕಂಡಿದ್ದೇನೆ. ಹಾಗಿರುವಾಗ ನಾಲ್ಕು ವರ್ಷ ಓದಿಸುವುದಾದರೂ ಏನನ್ನು? ಬಲ್ಲವರು ದಯವಿಟ್ಟು ತಿಳಿಸಬೇಕು.

ನಿವೃತ್ತ ಉಪನ್ಯಾಸಕ:
ಮಾನ್ಯರೇ, ನಿಮ್ಮ ಊರಿನ ಎರೆಮಣ್ಣಿನಿಂದಲೇ ಆರಂಭಿಸುತ್ತೇನೆ. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುವ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುವ ಈ ಮಣ್ಣಿನ ಮೇಲೆ ಕಟ್ಟಿದ ಮನೆಗಳ ಗೋಡೆ ಸೀಳುವುದು ನಿಮಗೆ ಹೊಸದಲ್ಲ. ಪಾಯ ಇನ್ನಷ್ಟು ಆಳಕ್ಕೆ ಹೋಗಬೇಕಿತ್ತೆಂದು ಗೌಂಡಿ ಹೇಳುತ್ತಾರೆ, ಅದು ತಪ್ಪೂ ಅಲ್ಲ. ಆದರೆ ಎಷ್ಟು ಆಳ, ಏಕೆ ಎಂಬುದನ್ನು ಕಲಿಸುವುದು ಮಣ್ಣಿನ ಎಂಜಿನಿಯರಿಂಗ್. ಲ್ಯಾಬಿನಲ್ಲಿ ಕಾಸಾಗ್ರಾಂಡೆ ಉಪಕರಣದ ಹಿತ್ತಾಳೆ ಬಟ್ಟಲಿಗೆ ಕಲಸಿದ ಮಣ್ಣನ್ನು ಹರಡಿ, ನಡುವೆ ಗೀರು ಎಳೆದು, ಹಿಡಿಕೆ ತಿರುಗಿಸುತ್ತ ಬಟ್ಟಲನ್ನು ಮತ್ತೆ ಮತ್ತೆ ಎತ್ತಿ ಬೀಳಿಸುತ್ತಾರೆ. 25 ಪೆಟ್ಟಿಗೆ ಆ ಗೀರು ಕೂಡಿಕೊಳ್ಳುವಂತಿದ್ದರೆ, ಆಗ ಮಣ್ಣಿನಲ್ಲಿರುವ ನೀರಿನ ಪ್ರಮಾಣವೇ ಅದರ ಲಿಕ್ವಿಡ್ ಲಿಮಿಟ್, ಅಂದರೆ ಮಣ್ಣು ದ್ರವದಂತೆ ಹರಿಯತೊಡಗುವ ಹಂತ. ಮಾಂಟ್ಮೊರಿಲೊನೈಟ್ ಎಂಬ ಜೇಡಿ ಖನಿಜವಿರುವ ಎರೆಮಣ್ಣಿನಲ್ಲಿ ಈ ಅಂಕಿ ದೊಡ್ಡದು; ಅಂಕಿ ದೊಡ್ಡದಿದ್ದಷ್ಟೂ ಮಣ್ಣು ಉಬ್ಬಿ ಕುಗ್ಗುವುದು ಸಾಮಾನ್ಯವಾಗಿ ಹೆಚ್ಚು. ಇಂತಹ ಪರೀಕ್ಷೆಗಳ ಫಲಿತಾಂಶ ಕೈಯಲ್ಲಿದ್ದಾಗಲೇ, ಮಣ್ಣು ತೆಗೆದು ಗರಸು ತುಂಬಬೇಕೆ ಅಥವಾ ಬುಡದಲ್ಲಿ ಅಗಲವಾಗುವ ಅಂಡರ್-ರೀಮ್ಡ್ ಪೈಲ್ (ನೆಲದಾಳದ ಕಾಂಕ್ರೀಟ್ ಕಂಬ) ಇಳಿಸಬೇಕೆ ಎಂದು ನಿರ್ಧರಿಸಲು ಆಧಾರ ದೊರೆಯುತ್ತದೆ.

ಇದಲ್ಲದೆ ಗಣಿತ, ಸರ್ವೆ, ತೊಲೆ ಕಂಬಗಳ ವಿನ್ಯಾಸ, ರಸ್ತೆ, ಕುಡಿಯುವ ನೀರು, ಒಳಚರಂಡಿ, ನೀರಾವರಿ, ಎಸ್ಟಿಮೇಟು ಎಲ್ಲವೂ ಇವೆ. ಮನೆ ಕಟ್ಟುವುದು ಇದರಲ್ಲಿ ಸಣ್ಣ ಪಾಲು.

ಹುಬ್ಬಳ್ಳಿಯ ಸೈಟ್ ಎಂಜಿನಿಯರ್:
ಹಿರಿಯರ ಮಾತು ಸರಿ, ಆದರೆ ಕಾಲೇಜು ಎಲ್ಲವನ್ನೂ ಕಲಿಸುತ್ತದೆಂದು ಭಾವಿಸಬೇಡಿ. ನನ್ನ ಮೊದಲ ಸೈಟಿನಲ್ಲಿ ಕಂಬದ ರಿಂಗಿಗೆ ಕಂಬಿ ಎಷ್ಟು ಉದ್ದ ಕತ್ತರಿಸಬೇಕೆಂದು ಬಾರ್ ಬೆಂಡರ್ ಕೇಳಿದಾಗ ನಾನು ತಡವರಿಸಿದ್ದೆ. ಕೊನೆಗೆ ಅವರೇ ಹೇಳಿಕೊಟ್ಟರು. ಅದೇ ದಿನ ಮಧ್ಯಾಹ್ನ, ಮಾಲು ಗಟ್ಟಿಯಾಯಿತೆಂದು ಕೂಲಿಯವರು ಅದಕ್ಕೆ ಕೊಡ ನೀರು ಸುರಿಯಲು ಹೊರಟರು. ಹೆಚ್ಚಿನ ನೀರು ಆರಿದಲ್ಲಿ ಸಣ್ಣ ರಂಧ್ರಗಳು ಉಳಿದು ಕಾಂಕ್ರೀಟಿನ ಬಲ ಕುಗ್ಗುತ್ತದೆಂದು ವಿವರಿಸಿ ತಡೆಯಲು ಆಗ ಓದು ನೆರವಾಯಿತು. ಎಂ25 ಎಂಬ ದರ್ಜೆಯ ಕಾಂಕ್ರೀಟಿನಲ್ಲಿ ಪರೀಕ್ಷೆಗೆಂದು ಎರಕ ಹೊಯ್ದ 150 ಮಿ.ಮೀ. ಅಳತೆಯ ಕ್ಯೂಬ್ 28 ದಿನಗಳ ಕ್ಯೂರಿಂಗ್ ನಂತರ ಸುಮಾರು 57 ಟನ್ ಭಾರ ತಾಳಬೇಕು. ಆ ಒಂದು ಕೊಡ ನೀರಿನ ಪರಿಣಾಮ ಅಲ್ಲಿ ಕಾಣಿಸುತ್ತದೆ.

ಗದಗಿನ ಅಂಗಡಿಕಾರ:
ಇಬ್ಬರಿಗೂ ಧನ್ಯವಾದಗಳು. ನಮ್ಮ ಮನೆಯ ಹಿಂಗೋಡೆಯೂ ಸೀಳಿದೆ ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ಸರ್ವೆ ಎಂದರೆ ಮಗಳು ಬಿಸಿಲಿನಲ್ಲಿ ಅಲೆಯಬೇಕಾಗುವುದೇ?

ಅಂತಿಮ ವರ್ಷದ ವಿದ್ಯಾರ್ಥಿನಿ:
ಅಲೆಯಲೇಬೇಕು ಸರ್, ನಾವೆಲ್ಲ ಅಲೆದಿದ್ದೇವೆ. ನೆಲದ ಏರುತಗ್ಗು ಅಳೆಯುವ ಲೆವೆಲಿಂಗ್‌ನಲ್ಲಿ ಹೊರಟ ಬಿಂದುವಿಗೇ ಮರಳಿದಾಗ, ಉಪಕರಣ ಇಟ್ಟಲ್ಲೆಲ್ಲ ಹಿಂದಿನ ಬಿಂದುವಿನತ್ತ ನೋಡಿ ಓದಿದ ಬ್ಯಾಕ್ ಸೈಟ್‌ಗಳ ಮೊತ್ತವೂ ಮುಂದಿನ ಬಿಂದುವಿನತ್ತ ನೋಡಿ ಓದಿದ ಫೋರ್ ಸೈಟ್‌ಗಳ ಮೊತ್ತವೂ ಹೆಚ್ಚುಕಡಿಮೆ ಸಮನಾಗಿರಬೇಕು. ಬೆಳಗ್ಗೆಯಿಂದ ಕೆಲಸ ಮಾಡಿದ ನಮ್ಮ ತಂಡಕ್ಕೆ ಸರಿಯಾಗಿ ಒಂದು ಮೀಟರ್ ವ್ಯತ್ಯಾಸ ಬಂದಿತು, ಏಕೆಂದರೆ ಅಳತೆಪಟ್ಟಿಯಾದ ಸ್ಟಾಫಿನ ಮೇಲೆ ಮೀಟರ್ ತೋರಿಸುವ ಕೆಂಪು ಅಂಕಿಯನ್ನು ನಾನು ಒಮ್ಮೆ ತಪ್ಪಾಗಿ ಓದಿದ್ದೆ. ಊಟವಾದ ಮೇಲೆ ಮತ್ತೆ ಮೊದಲಿನಿಂದ ಆರಂಭಿಸಿದೆವು. ಮಗಳಿಗೆ ಅಗಲ ಅಂಚಿನ ಟೋಪಿಯೊಂದನ್ನು ಕೊಡಿಸಿಡಿ.