ಬ್ಲಾಕಿನ ನಡು ಉದುರುತ್ತದೆ, ಎಂತ ಮಾಡುವುದು?

ಪ್ರಶ್ನೆ (ಉಡುಪಿ): ಸರ್, ಡಿಎಂಎಲ್‌ಟಿ (ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ) ಮುಗಿಸಿ ಹಿಸ್ಟೋಪೆಥಾಲಜಿ ಲ್ಯಾಬಿಗೆ (ರೋಗಿಯ ದೇಹದಿಂದ ತೆಗೆದ ತುಂಡು ಪರೀಕ್ಷಿಸುವ ಲ್ಯಾಬ್) ಸೇರಿ ಮೂರು ತಿಂಗಳಾಯಿತು. ಮೈಕ್ರೋಟೋಮಿನಲ್ಲಿ (ತೆಳ್ಳಗೆ ಕತ್ತರಿಸುವ ಯಂತ್ರ) ಕಟ್ ಮಾಡುವಾಗ ಬ್ಲಾಕಿನ (ಆ ತುಂಡನ್ನು ಮೇಣದಲ್ಲಿ ಕೂರಿಸಿದ ಗಟ್ಟಿ) ಅಂಚು ಚೆನ್ನಾಗಿ ಬರುತ್ತದೆ, ನಡುಭಾಗ ಉದುರಿ ತೂತು ಬೀಳುತ್ತದೆ. ಬ್ಲೇಡ್ ಬದಲಿಸಿದೆ, ಐಸ್ ಮೇಲೂ ಇಟ್ಟೆ. ಮಳೆ ಶುರುವಾದ ಮೇಲೆ ಜಾಸ್ತಿ.

ಉತ್ತರ (ಟೆಕ್ನಿಷಿಯನ್, ಮಂಗಳೂರು): ಬ್ಲೇಡಿಗೆ ಸುಮ್ನೆ ದುಡ್ಡು ಹಾಕಬೇಡಿ. ಅಂಚು ಸರಿ, ನಡು ಹಾಳು ಅಂದರೆ ಮೇಣ ಒಳಗೆ ಹೋಗಿಲ್ಲ. ಒದ್ದೆ ಕಾವಲಿಗೆ ಎಣ್ಣೆ ಹಿಡಿಯುತ್ತದಾ? ಹಾಗೇ ಇದು. ತುಂಡಿನ ನೀರನ್ನು ಆಲ್ಕೋಹಾಲ್ ತೆಗೆಯಬೇಕು, ಆಲ್ಕೋಹಾಲನ್ನು ಕ್ಸೈಲೀನ್ ಎಂಬ ದ್ರಾವಕ ತೆಗೆಯಬೇಕು, ಆಮೇಲೆ ಮೇಣದ ಸರದಿ. ಬ್ಲಾಕಿನ ನಡುವೆ ಬೆರಳಿಟ್ಟು ನೋಡಿ, ಮೆತ್ತಗಿರುತ್ತದೆ.

ನಮ್ಮ ಕರಾವಳಿಯಲ್ಲಿ ಜುಲೈ ಅಂದರೆ ಉಪ್ಪಿನ ಡಬ್ಬಿಯೇ ನೀರು ಬಿಡುತ್ತದೆ. ಅಬ್ಸೊಲ್ಯೂಟ್ (ನೀರಿಲ್ಲದ) ಆಲ್ಕೋಹಾಲ್ ಬಿಡುತ್ತದಾ ಮಾರಾಯ್ರೇ, ಗಾಳಿಯ ತೇವ ಎಳೆದುಕೊಳ್ಳುತ್ತದೆ. ನಾನು ಹೊಸಬನಿದ್ದಾಗ ಆಲ್ಕೋಹಾಲ್ ಕ್ಯಾನಿನ ಮುಚ್ಚಳ ತೆರೆದಿಟ್ಟು ಊಟಕ್ಕೆ ಹೋಗಿದ್ದೆ. ಅದನ್ನೇ ಪ್ರೊಸೆಸರಿಗೆ (ಈ ಕೆಲಸವನ್ನೆಲ್ಲ ತಾನೇ ಮಾಡುವ ಮೆಷಿನ್) ಹಾಕಿದೆ. ಬೆಳಿಗ್ಗೆ ನೋಡಿದರೆ ಕ್ಸೈಲೀನ್ ಹಾಲಿನ ಹಾಗೆ ಬೆಳ್ಳಗೆ! ನೀರು ಸೇರಿದ್ದಕ್ಕೆ ಅದೇ ಗುರುತು.

ಕೈಯಲ್ಲೇ ಪ್ರೊಸೆಸಿಂಗ್ ಮಾಡುವುದಾದರೆ ಕೊನೆಯ ಆಲ್ಕೋಹಾಲ್ ಜಾಡಿಯ ತಳಕ್ಕೆ ನೀರಿಲ್ಲದ ಕಾಪರ್ ಸಲ್ಫೇಟ್ ಹಾಕಿ, ಮೇಲೆ ಫಿಲ್ಟರ್ ಪೇಪರ್ ಇಡಿ. ಬಿಳಿ ಪುಡಿ ನೀಲಿಯಾದರೆ ಆಲ್ಕೋಹಾಲ್ ಬದಲಿಸುವ ಹೊತ್ತು. ಮೆಷಿನ್ ಇದ್ದರೆ ಇದು ಬೇಡ, ಪುಡಿ ಪೈಪಿಗೆ ಹೋದರೆ ಕಷ್ಟ.

ಗ್ರಾಸಿಂಗಿನಲ್ಲಿ (ಪ್ರೊಸೆಸಿಂಗಿಗೆ ಮೊದಲು ತುಂಡು ಕತ್ತರಿಸುವಾಗ) ತುಂಡು ಎಷ್ಟು ದಪ್ಪ ಇಡುತ್ತಾರೆ ನೋಡಿ. 3-4 ಮಿ.ಮೀ. ಸಾಕು. ಕ್ಯಾಸೆಟ್ಟಿನ (ತುಂಡು ಇಡುವ ಸಣ್ಣ ಡಬ್ಬಿ) ಮುಚ್ಚಳ ಒತ್ತಿ ಹಾಕಬೇಕಾದರೆ ದಪ್ಪ ಜಾಸ್ತಿಯಾಯಿತು ಎಂದೇ ಅರ್ಥ.

ಪ್ರಶ್ನೆ (ಉಡುಪಿ): ಹಾಳಾದ ಬ್ಲಾಕ್ ಬಿಸಾಡಬೇಕಾ ಸರ್?

ಉತ್ತರ: ಅಯ್ಯೋ, ಬೇಡ! ಮೇಣ ಕರಗಿಸಿ, ಕ್ಸೈಲೀನಿಗೆ, ಅಲ್ಲಿಂದ ಆಲ್ಕೋಹಾಲಿಗೆ ಹಿಂದೆ ತನ್ನಿ. ಮತ್ತೆ ಹೊಸ ದ್ರಾವಣದಲ್ಲಿ ಮೊದಲಿನಿಂದ ಪ್ರೊಸೆಸ್ ಮಾಡಿ. ಸೂಜಿ ಬಯಾಪ್ಸಿಯಂಥ ಸಣ್ಣ ತುಂಡಾದರೆ ಮಾತ್ರ ನಿಮ್ಮ ಡಾಕ್ಟರನ್ನು ಕೇಳದೆ ಮುಟ್ಟಬೇಡಿ. ಅದು ಹೋದರೆ ಇನ್ನೊಂದಿಲ್ಲ.

ಪ್ರಶ್ನೆ (ಸುರತ್ಕಲ್): ನಡುವೆ ಬಾಯಿ ಹಾಕುತ್ತೇನೆ. ಅಮ್ಮನ ಬಯಾಪ್ಸಿ ಬ್ಲಾಕನ್ನು ಬೇರೆ ಡಾಕ್ಟರಿಗೆ ತೋರಿಸಲು ಕೊಟ್ಟಿದ್ದಾರೆ. ಫ್ರಿಜ್ಜಿನಲ್ಲಿ ಇಡಬೇಕಾ?

ಉತ್ತರ: ಬೇಡ ಅಕ್ಕ, ಕೋಣೆಯ ತಂಪು ಸಾಕು. ಆ ಮೇಣ 56-60 ಡಿಗ್ರಿಗೆ ಕರಗುತ್ತದೆ, ಅದಕ್ಕಿಂತ ಮೊದಲೇ ಮೆತ್ತಗಾಗುತ್ತದೆ. ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಮಾತ್ರ ಬಿಡಬೇಡಿ. ಸ್ಲೈಡು, ವರದಿಯ ಪ್ರತಿಯನ್ನೂ ಕೇಳಿ ಪಡೆಯಿರಿ. ಬ್ಲಾಕಿನ ಮೇಲಿನ ನಂಬರೂ ವರದಿಯ ನಂಬರೂ ಒಂದೇನಾ ಅಂತ ಕೌಂಟರಿನಲ್ಲೇ ನೋಡಿಕೊಳ್ಳಿ.