ದುಕ್ಕವೋ ದುಕ್ಕಾವೋ? ಈಜಿಪ್ಟಿನ ಒಂದು ಪುಡಿಯ ಹೆಸರು

ಗೆಳೆಯರೇ,

ಮೊನ್ನೆ ಒಂದು ಅಡುಗೆ ಬರಹವನ್ನು ಅನುವಾದ ಮಾಡುತ್ತಿದ್ದೆ. ಅದರಲ್ಲಿ ಈಜಿಪ್ಟಿನ ಒಂದು ಪುಡಿ ಬಂತು. ಹೇಝಲ್‌ನಟ್, ಎಳ್ಳು, ಕೊತ್ತಂಬರಿ ಬೀಜ, ಜೀರಿಗೆ ಹುರಿದು, ಉಪ್ಪು ಮತ್ತು ಕಾಳುಮೆಣಸು ಹಾಕಿ ಕುಟ್ಟಿದ್ದು. ಹೆಸರನ್ನು ಸುಮ್ನೆ ‘ದುಕ್ಕ’ ಎಂದು ಬರೆದುಬಿಟ್ಟೆ. ವಾಕ್ಯ ಹೀಗಿತ್ತು: ‘ಬ್ರೆಡ್ಡಿನ ತುಂಡನ್ನು ಮೊದಲು ಎಣ್ಣೆಯಲ್ಲಿ, ಆಮೇಲೆ ದುಕ್ಕದಲ್ಲಿ ಅದ್ದಿ ತಿನ್ನಿ.’ ಮನೆಯಲ್ಲಿ ಓದಿದವರು ಕೇಳಿದರು, ‘ಯಾರು ಹೋದ್ರು?’

ದುಃಖ ನಮ್ಮ ಬಾಯಲ್ಲಿ ದುಕ್ಕವೇ ಅಲ್ವಾ. ಹಾಗಾಗಿ ಈ ಪದದ ಬೆನ್ನು ಹತ್ತಿದೆ.

ಅರಬ್ಬಿಯಲ್ಲಿ ‘ದಕ್ಕ’ ಎಂದರೆ ಕುಟ್ಟು, ಬಡಿ. ಬಾಗಿಲು ಬಡಿಯುವುದಕ್ಕೂ, ಗಡಿಯಾರ ಗಂಟೆ ಹೊಡೆಯುವುದಕ್ಕೂ, ಎದೆ ಹೊಡೆದುಕೊಳ್ಳುವುದಕ್ಕೂ ಇದೇ ಧಾತು. ಕುಟ್ಟಿ ನುಣ್ಣಗಾದದ್ದು ‘ದಕೀಕ್’, ಅಂದರೆ ಹಿಟ್ಟು. ನಿಮಿಷಕ್ಕೆ ‘ದಕೀಕಾ’ ಎನ್ನುವುದೂ ಇಲ್ಲಿಂದಲೇ: ಹೊತ್ತನ್ನು ಸಣ್ಣಗೆ ಮಾಡಿದ ಚೂರು. ನಮ್ಮ ಪುಡಿಯ ಹೆಸರಿಗೆ ‘ಕುಟ್ಟಿದ್ದು’ ಎಂದಷ್ಟೇ ಅರ್ಥ. ಅದರೊಳಗೆ ಏನಿದೆ ಎಂದು ಹೆಸರು ಹೇಳುವುದೇ ಇಲ್ಲ.

ತೊಡಕು ಇರುವುದು ನಡುವಿನ ಅಕ್ಷರದಲ್ಲಿ. ಗಂಟಲಿನ ಆಳದಿಂದ ಬರುವ ಆ ‘ಕ’ವನ್ನು ಕೈರೋದವರು ಮಾತಿನಲ್ಲಿ ನುಂಗಿಬಿಡುತ್ತಾರೆ. ಅಲ್ಲಿ ಕೇಳಿಸುವುದು ಹೆಚ್ಚುಕಡಿಮೆ ‘ದುಅ್‌ಅ’, ನಡುವೆ ಗಂಟಲು ಕಟ್ಟಿದ ಹಾಗೆ ಒಂದು ತಡೆ. ದಕ್ಷಿಣಕ್ಕೆ, ನೈಲ್ ಮೇಲ್ಕಣಿವೆಯ ಸಈದಿ ಜನರ ಕಡೆ ಹೋದರೆ ಅದೇ ‘ದುಗ್ಗಾ’. ಇಂಗ್ಲಿಷಿನವರು ‘ಕ’ ಇಟ್ಟುಕೊಂಡರು. ಮೂರರಲ್ಲಿ ನಮಗೆ ಯಾವುದು?

ನನ್ನ ಪ್ರಕಾರ ಇದಕ್ಕೆ ಉತ್ತರ ಕನ್ನಡದಲ್ಲೇ ಇದೆ. ಈ ಅಕ್ಷರವನ್ನು ನಾವು ಹಿಂದಿನಿಂದಲೂ ‘ಕ’ ಮಾಡಿಕೊಂಡೇ ಬಂದಿದ್ದೇವೆ. ಕಾನೂನು, ತಾಕತ್ತು, ಹಕ್ಕು ಎಲ್ಲದರಲ್ಲೂ ಮೂಲದಲ್ಲಿ ಇರುವುದು ಅದೇ ಗಂಟಲ ಅಕ್ಷರ. ಇನ್ನು ‘ಹುಕ್ಕಾ’ ನೋಡಿ. ಅರಬ್ಬಿಯ ‘ಹುಕ್ಕ’ ಉರ್ದುವಿನ ಮೂಲಕ ನಮ್ಮಲ್ಲಿಗೆ ಬಂದು ಕೊನೆಯಲ್ಲಿ ದೀರ್ಘ ತೆಗೆದುಕೊಂಡಿತು. ಅದೇ ಒತ್ತು, ಅದೇ ಕೊನೆ. ಹುಕ್ಕಾ ಸರಿಯಾದರೆ ದುಕ್ಕಾ ಕೂಡ ಸರಿ. ಒಂದು ದೀರ್ಘ ಎಳೆದರೆ ಸಾವಿನ ಮನೆಯಿಂದ ಅಡುಗೆಮನೆಗೆ ಬಂದಹಾಗೆ.

ಇಲ್ಲಿ ಒಂದು ಎಚ್ಚರಿಕೆ. ಈಜಿಪ್ಟಿನ ಕೊಶರಿಯ ಜೊತೆ (ಅಕ್ಕಿ, ಮಸೂರ, ಮ್ಯಾಕರೋನಿ ಬೆರೆಸಿ ಮೇಲೆ ಹುರಿದ ಈರುಳ್ಳಿ ಹಾಕುವ ಊಟ) ಬೆಳ್ಳುಳ್ಳಿ ಮತ್ತು ವಿನೆಗರಿನ ಒಂದು ನೀರುನೀರು ಸಾರ ಕೊಡುತ್ತಾರೆ. ಅದರ ಹೆಸರು ‘ದಕ್ಕಾ’. ಅರಬ್ಬಿ ಬರಹದಲ್ಲಿ ಸ್ವರಚಿಹ್ನೆ ಹಾಕದಿದ್ದರೆ ಎರಡೂ ಒಂದೇ ತರ ಕಾಣುತ್ತವೆ. ಅಲ್ಲಿ ಕುಟ್ಟುವುದು ಬೆಳ್ಳುಳ್ಳಿಯನ್ನು. ಕೊಶರಿಯ ಮೇಲೆ ‘ದುಕ್ಕಾ ಸುರಿಯಿರಿ’ ಎಂದು ಯಾರಾದರೂ ಬರೆದಿದ್ದರೆ ಅದು ತಪ್ಪು ಓದು.

ಕಾಗುಣಿತ ಆಯಿತು. ಆದರೆ ಕನ್ನಡದಲ್ಲಿ ಇದನ್ನು ಏನೆಂದು ವಿವರಿಸುವುದು? ‘ಈಜಿಪ್ಟಿನ ಚಟ್ನಿಪುಡಿ’ ಎನ್ನಬಹುದು. ಓದುಗರಿಗೆ ತಕ್ಷಣ ಗೊತ್ತಾಗುತ್ತದೆ. ಆದರೆ ಚಟ್ನಿಪುಡಿ ಎಂದ ಕೂಡಲೇ ನಾಲಿಗೆ ಮೆಣಸಿನಕಾಯಿ, ಹುಣಸೆಹಣ್ಣು, ಬೆಲ್ಲಕ್ಕೆ ಸಿದ್ಧವಾಗುತ್ತದೆ. ಇಲ್ಲಿ ಅವು ಯಾವುವೂ ಇಲ್ಲ. ತಿನ್ನುವ ಕ್ರಮವೂ ಬೇರೆ. ನಾವು ಪುಡಿಯಲ್ಲಿ ಗುಳಿ ಮಾಡಿ ಎಣ್ಣೆ ಹಾಕಿಕೊಳ್ಳುತ್ತೇವೆ. ಅವರು ಎಣ್ಣೆಯಲ್ಲಿ ಅದ್ದಿದ ರೊಟ್ಟಿಯನ್ನು ಒಣ ಪುಡಿಗೆ ಒತ್ತುತ್ತಾರೆ.

ಮನಸ್ಸಿಗೆ ಜಾಸ್ತಿ ಹಿಡಿಸಿದ ಪದ ‘ಹಿಂಡಿ’. ಧಾರವಾಡದ ಕಡೆ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಇಲ್ಲದೆ ರೊಟ್ಟಿ ಊಟ ಇಲ್ಲ. ಎಣ್ಣೆಕಾಳು ಹುರಿದು ಕುಟ್ಟಿದ್ದು, ರೊಟ್ಟಿಯ ಜೊತೆಗೆ. ಇದಕ್ಕಿಂತ ಹತ್ತಿರದ್ದು ಸಿಗಲಿಕ್ಕಿಲ್ಲ. ಈಜಿಪ್ಟಿನಲ್ಲೂ ಹೇಝಲ್‌ನಟ್ ದುಬಾರಿ ಎಂದು ಕಡಲೆಕಾಯಿ ಹಾಕುವವರಿದ್ದಾರೆ, ಹುರಿದ ಕಡಲೆ ಹಾಕುವವರಿದ್ದಾರೆ. 1836ರಲ್ಲಿ ಈಜಿಪ್ಟಿನ ಜನಜೀವನದ ಬಗ್ಗೆ ಪುಸ್ತಕ ಪ್ರಕಟಿಸಿದ ಎಡ್ವರ್ಡ್ ಲೇನ್ ಇದನ್ನು ಬಡವರ ಊಟ ಎಂದೇ ಹೇಳುತ್ತಾನೆ. ಅವನ ಪಟ್ಟಿಯಲ್ಲಿ ಉಪ್ಪು, ಮೆಣಸು, ಪುದೀನ, ಜೀರಿಗೆ, ಕೊತ್ತಂಬರಿ, ದಾಲ್ಚಿನ್ನಿ, ಎಳ್ಳು, ಕಡಲೆ ಇವೆ. ಹೇಝಲ್‌ನಟ್ ಇಲ್ಲ! ಆದರೆ ಮೈಸೂರಿನ ಓದುಗರಿಗೆ ಹಿಂಡಿ ಎಂದರೆ ಹಸುವಿಗೆ ಹಾಕುವುದು. ಅಲ್ಲಿ ಈ ಪದ ಬಳಸಿದರೆ ಬೈಸಿಕೊಳ್ಳಬೇಕು.

ಹೇಝಲ್‌ನಟ್ ಎಂದಾಗ ನೆನಪಾಯಿತು. ಅರಬ್ಬಿಯಲ್ಲಿ ಅದು ‘ಬುಂದುಕ್’. ಆ ಕಾಯಿಯ ಹಾಗೆ ದುಂಡಗಿನ ಗುಂಡಿಗೂ ಅದೇ ಹೆಸರು ಬಂತು, ಗುಂಡು ಹಾರಿಸುವ ಸಾಧನಕ್ಕೂ ಬಂತು. ನಮ್ಮ ಬಂದೂಕು ಅದೇ. ದುಕ್ಕಾ ನಮಗೆ ಹೊಸದಾದರೂ ಅದರೊಳಗಿನ ಕಾಯಿ ಎಂದೋ ಕನ್ನಡಕ್ಕೆ ಬಂದಾಗಿದೆ, ಹೆಗಲ ಮೇಲೆ ಕೂತು.

ಅನುವಾದಕ್ಕೆ ಮುಂಚೆ ಮಾಡಿ ನೋಡೋಣ ಎಂದು ಹೊರಟೆ. ಕಾಯಿ ಹುರಿದು, ಬಟ್ಟೆಯಲ್ಲಿ ಉಜ್ಜಿ ಸಿಪ್ಪೆ ಬಿಡಿಸಿದೆ. ಎಳ್ಳು ಚಟಪಟ ಎನ್ನುವಾಗ ಇಳಿಸಿದೆ. ಎಲ್ಲವನ್ನೂ ಮಿಕ್ಸಿಗೆ ಹಾಕಿ ತಿರುಗಿಸಿದರೆ ಅರ್ಧ ನಿಮಿಷದಲ್ಲಿ ಎಣ್ಣೆ ಬಿಟ್ಟು ಬ್ಲೇಡಿನ ಸುತ್ತ ಮುದ್ದೆಯಾಗಿ ಅಂಟಿಕೊಂಡಿತು. ಇಂಗ್ಲಿಷಿನಲ್ಲಿ ‘ಗ್ರೈಂಡ್’ ಎಂದಿತ್ತು, ನಾನು ಅದನ್ನೇ ನಂಬಿದ್ದೆ. ನಮ್ಮಲ್ಲಾದರೆ ನೀರು ಹಾಕಿ ಅರೆಯುವುದು, ರುಬ್ಬುವುದು ಬೇರೆ. ಒಣಗಿದ್ದನ್ನು ಬೀಸುವುದು ಬೇರೆ. ಶುಂಠಿ ಜಜ್ಜುವುದು ಬೇರೆ. ಖಾರ ಕುಟ್ಟುವುದು ಬೇರೆ. ಎರಡನೇ ಸಲ ಎಲೆಅಡಿಕೆಯ ಕುಟ್ಟಾಣಿಯಲ್ಲಿ ಸ್ವಲ್ಪ ಸ್ವಲ್ಪವೇ ಹಾಕಿ ಕುಟ್ಟಿದೆ. ತರಿತರಿಯಾಗಿ ಉದುರುದುರಾಗಿ ಬಂತು. ಹೆಸರಲ್ಲೇ ‘ಕುಟ್ಟಿದ್ದು’ ಎಂದು ಹೇಳಿದ್ದರು, ನಾನೇ ಕೇಳಲಿಲ್ಲ.

ಈಗ ಅನುವಾದದಲ್ಲಿ ‘ದುಕ್ಕಾ ಎಂಬ ಕುಟ್ಟುಪುಡಿ’ ಎಂದು ಹಾಕಿದ್ದೇನೆ. ‘ಕುಟ್ಟುಪುಡಿ’ ನಾನೇ ಕಟ್ಟಿದ್ದು, ಅದಕ್ಕೇ ಸ್ವಲ್ಪ ಅಳುಕು. ನಿಮ್ಮ ಕಡೆ ಹೀಗೆ ತರಿಯಾಗಿ ಕುಟ್ಟಿದ ಒಣ ಪುಡಿಗೆ, ಖಾರ ಇಲ್ಲದ್ದಕ್ಕೆ, ಬೇರೆ ಹೆಸರು ಇದೆಯೇ? ಕರಾವಳಿ, ಮಲೆನಾಡಿನವರು ಹೇಳಿದರೆ ಒಳ್ಳೆಯದು. ಹಿಂಡಿ ಎಂಬ ಪದ ತಿನ್ನುವ ಪುಡಿಯ ಅರ್ಥದಲ್ಲಿ ತೆಂಕಣಕ್ಕೆ ಎಲ್ಲಿಯವರೆಗೆ ಬರುತ್ತದೆ ಎನ್ನುವುದೂ ಗೊತ್ತಾಗಬೇಕು. ದಾವಣಗೆರೆಯವರು ಯಾರಾದರೂ ಇದ್ದೀರಾ?