ಸಹಾಯ ಬೇಕ್ರಿ: ಈ ತಡ ಟಿಕ್‌ನದೋ, ನೆಟ್‌ವರ್ಕ್‌ನದೋ?

ನಮಸ್ಕಾರ್ರಿ. ಬಾಗಲಕೋಟಿ ನವನಗರದಾಗ ಕುಂತು ಮೊಬೈಲ್‌ನ್ಯಾಗ ಓಲ್ಡ್ ಸ್ಕೂಲ್ ರೂನ್‌ಸ್ಕೇಪ್ ಅನ್ನೂ ಆನ್‌ಲೈನ್ ಆಟ ಆಡಾಕತ್ತೀನಿ. ಇದರಾಗ ಎಲ್ಲಾ 0.6 ಸೆಕೆಂಡಿನ ಟಿಕ್ (ಸರ್ವರ್ ಇಡೂ ಒಂದೊಂದು ಹೆಜ್ಜಿ) ಮ್ಯಾಲೆ ನಡೀತೈತಿ. ಹಲಗಿ ಪೆಟ್ಟಿನಂಗ ಆ ಲಯ ಹಿಡದು ಆಡೂದು ನನಗ ಭಾಳ ಸೇರತೈತಿ. ಆದ್ರ ಫೈಟ್ ಕೇವ್ಸ್ ಅನ್ನೂ ಗವಿ ಕಾಳಗದ ಕಡೀ ರಾಕ್ಷಸ ಜಾಡ್ ಹಂತ್ಯಾಕ ಬಂದು ಸಿಕ್ಕೊಂಡೀನಿ.

ಅದು ಮುಂಗಾಲು ನೆಲಕ್ಕ ಅಪ್ಪಳಿಸಿದ್ದು ನೋಡಿ ದೂರದಿಂದ ಬರೂ ಏಟು ತಡಿಯೂ ರೇಂಜ್ ಪ್ರೇಯರ್ ಒತ್ತತೀನಿ. ಬಟನ್ ಹತ್ತತೈತಿ, ತಲಿ ಮ್ಯಾಲಿನ ಗುರುತು ಮಾತ್ರ ತಡಾ ಮಾಡಿ ಬರತೈತಿ, ಅಷ್ಟರಾಗ ಏಟು ಬಿದ್ದಿರ್ತೈತಿ. ವೈಫೈ ಬಿಟ್ಟು ಡೇಟಾ ಹಾಕಿದೆ, ಅಮೆರಿಕಾ ವರ್ಲ್ಡ್ (ಆಟದ ಸರ್ವರ್) ಬಿಟ್ಟು ಜರ್ಮನಿಗೆ ಹೋದೆ. ಸ್ವಲ್ಪ ಸುಧಾರಿಸೇತಿ, ಪೂರ್ತಿ ಇಲ್ಲ.

ಟಿಕ್‌ನಿಂದ ಆಗೂ ತಡ ಎಷ್ಟು, ಪಿಂಗ್‌ನಿಂದ (ಸರ್ವರ್‌ಗೆ ಸಂದೇಶ ಹೋಗಿ ಬರೂ ಹೊತ್ತು) ಆಗೂದು ಎಷ್ಟು ಅಂತ ತಿಳೀವಲ್ದು. ನಮ್ಮ ಕಡೆ ಆಡೂ ಅಣ್ಣಾರ, ಅಕ್ಕಾರ, ಇವೆರಡನ್ನ ಬ್ಯಾರೆ ಮಾಡಿ ನೋಡೂದು ಹ್ಯಾಂಗ್ರಿ? ಜಾಡ್‌ಗೆ ನೀವು ಯಾವ ದೇಶದ ವರ್ಲ್ಡ್ ಹಿಡೀತೀರಿ?